ಬುಡ ತಿರುಗಿಸಿ ನೋಡಿ: ಹಳೇ ಗಾಜನ್ನು ಗುರುತಿಸುವ ಬಗೆ

ನಮ್ಮ ಅತ್ತಿಯ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆ ಎಂದು ಓಣಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ದಿನಗಳವು. ತೊಲೆ, ಕಂಬ, ಬಾಗಿಲ ಚೌಕಟ್ಟು ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿಯಾಗಿತ್ತು. ಪಡಸಾಲೆಯ ಗೋಡೆಯ ಮಾಡದಲ್ಲಿ ಒಂದು ಹೂದಾನಿ ಮಾತ್ರ ಉಳಿದಿತ್ತು. ಕಿತ್ತಳೆ ಬಣ್ಣ, ಮೈಗೆ ಸುತ್ತಿಕೊಂಡ ಒಂದು ಮೀನು. ಬಿಸಿಲಿಗೆ ಹಿಡಿದು ಸ್ವಲ್ಪ ವಾಲಿಸಿದರೆ ಅದರ ಮೈಮೇಲೆ ಹಸಿರು, ನೇರಳೆ, ಬಂಗಾರದ ಬಣ್ಣಗಳು ಓಡಾಡುತ್ತಿದ್ದವು. ಅತ್ತಿ ಅದನ್ನು ಹಳೇ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಬೆಲ್ಜಿಯಂ ಗಾಜು ಐತಿ ತಮ್ಮಾ, ಜ್ವಾಕಿ" ಅಂದರು.

ಬೆಳಗಾವಿಗೆ ತಂದು, ತೊಳೆದು, ಒರೆಸುವಾಗ ಬುಡ ತಿರುಗಿಸಿದೆ. ಅಲ್ಲಿ ಗಾಜಿನಲ್ಲೇ ಉಬ್ಬಿ ನಿಂತ ಇಂಗ್ಲಿಷ್ ಅಕ್ಷರಗಳು: 'ಜೈನ್'. ಅದು ಬೆಲ್ಜಿಯಂನದ್ದಲ್ಲ. ಉತ್ತರ ಪ್ರದೇಶದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್‌ನದ್ದು. ನಮ್ಮ ಹೆಣ್ಣುಮಕ್ಕಳ ಕೈಬಳೆ ಬರುವ ಊರು ಅದೇ. ಮೊದಲು ನನಗೆ ಸಪ್ಪೆ ಅನಿಸಿತು. ಆಮೇಲೆ ತಿಳಿಯಿತು, ಇಂಥ ಭಾರತೀಯ ಹೂದಾನಿಗಳನ್ನು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಸಂಗ್ರಹಕಾರರು ಹುಡುಕಿಕೊಂಡು ಕೊಳ್ಳುತ್ತಾರೆ ಎಂದು. ಆ ಮೀನಿನಿಂದಲೇ ನನ್ನ ಗಾಜಿನ ಹುಚ್ಚು ಶುರುವಾಯಿತು.

ನಮ್ಮ ಕಡೆ ಹಳೇ ಗಾಜು ಅಂದರೆ ಒಂದೇ ಹೆಸರು, ಬೆಲ್ಜಿಯಂ. ಕನ್ನಡಿ ಇರಲಿ, ತೂಗುದೀಪದ ಹಂಡಿ ಇರಲಿ, ಗೊಂಚಲು ದೀಪದ ಝುಂಬರ ಇರಲಿ, ಎಲ್ಲ ಬೆಲ್ಜಿಯಂ. ಹಾಗೆ ಹೇಳುವುದಕ್ಕೆ ಕಾರಣ ಇಲ್ಲದಿಲ್ಲ. ಬೆಲ್ಜಿಯಂನಿಂದ ಕನ್ನಡಿ ಮತ್ತು ಗಾಜು ನಿಜವಾಗಿಯೂ ಭಾರತಕ್ಕೆ ಬರುತ್ತಿತ್ತು. ಲಿಯೇಜ್ ಪಟ್ಟಣದ ಹತ್ತಿರ 1826ರಲ್ಲಿ ಶುರುವಾದ ವಾಲ್ ಸೇಂಟ್ ಲ್ಯಾಂಬರ್ಟ್ ಕಾರ್ಖಾನೆಗೆ ಜಗತ್ತಿನಾದ್ಯಂತ ಹೆಸರಿತ್ತು. ಆದರೆ ಬೊಹಿಮಿಯಾದಿಂದಲೂ ಬಂತು. ಈಗಿನ ಚೆಕ್ ದೇಶದ ಭಾಗ ಅದು. ಇಂಗ್ಲೆಂಡಿನಿಂದಲೂ ಬಂತು. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿ 1840ರ ದಶಕದಲ್ಲೇ ಕಲ್ಕತ್ತೆಯಲ್ಲಿ ಮಳಿಗೆ ತೆರೆದು ರಾಜರಿಗೆ, ನವಾಬರಿಗೆ ಝುಂಬರ ಮಾರುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ 27 ಅಡಿ ಎತ್ತರದ ಗಾಜಿನ ಕಾರಂಜಿ ನಿಲ್ಲಿಸಿದ್ದು ಇದೇ ಕಂಪನಿ. ಜಮಖಂಡಿ, ಮುಧೋಳದಂಥ ಸಂಸ್ಥಾನಗಳು, ದೇಸಾಯರ ವಾಡೆಗಳು, ಬೆಳಗಾವಿಯ ಕ್ಯಾಂಪಿನ ಬಂಗಲೆಗಳು ಇದ್ದ ಸೀಮೆ ನಮ್ಮದು. ಒಂದೇ ಅಟ್ಟದ ಮೇಲೆ ನಾಲ್ಕು ದೇಶದ ಗಾಜು ಕೂತಿದ್ದರೆ ಆಶ್ಚರ್ಯವಿಲ್ಲ.

ಆದ್ದರಿಂದ ಹೆಸರು ಕೇಳಿ ಗಾಜು ಕೊಳ್ಳಬಾರದು. ಅದನ್ನು ಹೇಗೆ ಮಾಡಿದ್ದಾರೆ ಎಂದು ನೋಡಬೇಕು. ಹೆಸರನ್ನು ಯಾರು ಬೇಕಾದರೂ ಹೇಳಬಹುದು, ಕೆತ್ತಲೂಬಹುದು. ಮಾಡಿದ ರೀತಿ ಮಾತ್ರ ಗಾಜಿನ ಮೈಮೇಲೆ ಉಳಿದೇ ಇರುತ್ತದೆ.

ಗಾಜು ಹುಟ್ಟುವುದು ಮರಳಿನಿಂದ. ಬರೀ ಮರಳು ಕರಗಬೇಕಾದರೆ ಸುಮಾರು 1,700 ಡಿಗ್ರಿ ಕಾವು ಬೇಕು. ಅದಕ್ಕೆ ಸೋಡಾ ಬೆರೆಸಿದರೆ ಕಡಿಮೆ ಕಾವಿಗೇ ಕರಗುತ್ತದೆ. ಆದರೆ ಬರೀ ಸೋಡಾ ಹಾಕಿದ ಗಾಜು ನೀರಿಗೆ ಕರಗಿಹೋಗುತ್ತದೆ. ಅದಕ್ಕೇ ಸುಣ್ಣ ಸೇರಿಸುತ್ತಾರೆ, ಗಾಜು ಗಟ್ಟಿಯಾಗಿ ನಿಲ್ಲುತ್ತದೆ. ಕರಗಿದ ಗಾಜು ಹೇಗಿರುತ್ತದೆ ಅಂತ ತಿಳಿಯಬೇಕೆಂದರೆ ಮಹಾಲಿಂಗಪುರದ ಕಡೆ ಬೆಲ್ಲ ಮಾಡುವುದನ್ನು ನೆನಪಿಸಿಕೊಳ್ಳಿ. ಕೊಪ್ಪರಿಗೆಯ ಪಾಕ ಎಳೆಯೆಳೆಯಾಗಿ ಬರುತ್ತದೆ ಅಲ್ವಾ? ಕಾವಿದ್ದಾಗ ಜೇನಿನ ಹಾಗೆ ಹರಿಯುತ್ತದೆ, ಆರುತ್ತಾ ಹೋದಂತೆ ಬಿಗಿಯುತ್ತದೆ. ಗಾಜೂ ಹಾಗೇ. ಹರಿಯುವುದಕ್ಕೂ ಬಿಗಿಯುವುದಕ್ಕೂ ನಡುವೆ ಸಿಗುವ ಸ್ವಲ್ಪ ಹೊತ್ತಿನಲ್ಲೇ ಕಸುಬುದಾರ ತನ್ನ ಕೆಲಸ ಮುಗಿಸಬೇಕು.

ಆ ಹೊತ್ತಿನಲ್ಲಿ ಏನು ಮಾಡಿದ ಎನ್ನುವುದರ ಮೇಲೆ ಗಾಜಿನ ಜಾತಿ ನಿರ್ಧಾರವಾಗುತ್ತದೆ.

ಒಂದು, ಊದಿದ ಗಾಜು. ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಪಾಕದ ಮುದ್ದೆ ಹತ್ತಿಸಿ ಬಾಯಿಂದ ಊದುತ್ತಾರೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದಲ್ಲಿ ಹುಟ್ಟಿದ ವಿದ್ಯೆ ಇದು. ಆಕಾರ ಬಂದ ಮೇಲೆ ಬುಡಕ್ಕೆ ಇನ್ನೊಂದು ಸರಳು ಅಂಟಿಸುತ್ತಾರೆ, ಬಾಯಿಯ ಕಡೆ ಕೊಳವೆಯಿಂದ ಬಿಡಿಸುತ್ತಾರೆ, ಅಂಚು ತಿದ್ದುತ್ತಾರೆ. ಕೊನೆಗೆ ಬುಡದ ಸರಳನ್ನೂ ತಟ್ಟಿ ಬಿಡಿಸುತ್ತಾರೆ. ಅಲ್ಲಿ ಒಂದು ಗಾಯ ಉಳಿಯುತ್ತದೆ, ಮಗುವಿನ ಹೊಕ್ಕುಳದ ಹಾಗೆ. ಕೆಲವರು ಅದನ್ನು ಒರಟಾಗಿಯೇ ಬಿಟ್ಟರು. ಕೆಲವರು ಉಜ್ಜಿ ನುಣುಪಾದ ಚಿಕ್ಕ ತಗ್ಗು ಮಾಡಿದರು. ಈ ಗುರುತು ಕಂಡರೆ ಅದು ಕೈಯಲ್ಲಿ ಮಾಡಿದ ಗಾಜು ಎಂದು ಅರ್ಥ. ಹಳೆಯದು ಎಂದಲ್ಲ, ಇಲ್ಲಿ ಬಹಳ ಜನ ಎಡವುತ್ತಾರೆ. ಇವತ್ತಿಗೂ ಊದುವವರಿದ್ದಾರೆ, ಇವತ್ತಿನ ಗಾಜಿಗೂ ಆ ಹೊಕ್ಕುಳ ಇರುತ್ತದೆ.

ಇನ್ನೊಂದು, ಒತ್ತಿದ ಗಾಜು. ಅಚ್ಚಿನೊಳಗೆ ಪಾಕ ಬಿಟ್ಟು ಮೇಲಿನಿಂದ ಯಂತ್ರದಲ್ಲಿ ಒತ್ತುವುದು. 1820ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಗಿ ಬೇಗ ಎಲ್ಲ ಕಡೆ ಹರಡಿತು. ಗಾಜಿನ ಅಲಂಕಾರ ಸಾಮಾನ್ಯರ ಮನೆಗೆ ಬಂದದ್ದು ಇದರಿಂದಲೇ. ಅಚ್ಚಿನ ಎರಡು ಮೂರು ತುಂಡುಗಳು ಕೂಡುವ ಕಡೆ ಸಣ್ಣ ಗೆರೆ ಉಳಿಯುತ್ತದೆ. ಉಗುರಿಗೆ ಸಿಗುತ್ತದೆ. ನನ್ನ ಮೀನಿನಲ್ಲೂ ಗೆರೆ ಇದೆ, ಆದರೆ ಅದು ಒತ್ತಿದ್ದಲ್ಲ. ಅಚ್ಚಿನೊಳಗೆ ಊದಿದ್ದು. ಗೋಡೆ ತೆಳು, ಕೈಗೆ ಹಗುರ. ಹೊರಗೆ ಉಬ್ಬಿದ ಕಡೆ ಒಳಗೆ ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಒತ್ತಿದ ಗಾಜಿನ ಒಳಗೋಡೆ ಸಾಮಾನ್ಯವಾಗಿ ನುಣುಪಾಗಿ ಇರುತ್ತದೆ, ಭಾರವೂ ಜಾಸ್ತಿ.

ಮತ್ತೊಂದು, ಕೊರೆದ ಗಾಜು. ದಪ್ಪ ಗಾಜನ್ನು ತಿರುಗುವ ಕಲ್ಲಿಗೆ ಹಿಡಿದು ನಕ್ಷೆ ಕೊರೆಯುವುದು. ದೊಡ್ಡವರ ಮನೆಗಳ ಭಾರದ ಬಟ್ಟಲು, ಅತ್ತರದಾನಿ, ಮದ್ಯದ ಸೀಸೆಗಳು ಇವೇ. 1674ರಲ್ಲಿ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬವನು ಸೀಸ ಬೆರೆಸಿದ ಗಾಜಿಗೆ ಪೇಟೆಂಟ್ ಪಡೆದ. ಸೀಸ ಸೇರಿದರೆ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಅದಕ್ಕೇ ಥಳಥಳ ಹೊಳೆಯುತ್ತದೆ. ಮೆತ್ತಗೂ ಇರುತ್ತದೆ, ಕೊರೆಯಲು ಸುಲಭ. ಬಟ್ಟಲಿನ ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗುಡಿಯ ಚಿಕ್ಕ ಗಂಟೆಯ ಹಾಗೆ ದನಿ ಎಳೆಯುತ್ತದೆ. ಸಾದಾ ಗಾಜು 'ಟಕ್' ಎಂದು ನಿಲ್ಲುತ್ತದೆ.

ಕೊರೆದದ್ದನ್ನು ನೋಡಿ ಒತ್ತಿದ ಗಾಜಿನಲ್ಲಿ ನಕಲು ಮಾಡಿದರು. ದೂರದಿಂದ ಎರಡೂ ಒಂದೇ. ಒಮ್ಮೆ ಕಣ್ಣು ಮುಚ್ಚಿ ಹೆಬ್ಬೆರಳನ್ನು ನಕ್ಷೆಯ ಮೇಲೆ ಎಳೆಯಿರಿ. ಕೊರೆದದ್ದರ ಏಣು ಚರ್ಮಕ್ಕೆ ಚುರುಕಾಗಿ ತಾಗುತ್ತದೆ, ಹೊಸದಾಗಿ ಒಡೆದ ಕಲ್ಲುಸಕ್ಕರೆಯ ಹಾಗೆ. ಒತ್ತಿದ್ದರ ಏಣು ಬಳಸಿದ ಸೋಪಿನ ಮೂಲೆಯ ಹಾಗೆ ಜಾರುತ್ತದೆ. ಪುಸ್ತಕ ಓದಿ ತಿಳಿಯಲು ನಾನು ತಿಂಗಳುಗಟ್ಟಲೆ ಒದ್ದಾಡಿದ್ದನ್ನು ಹೆಬ್ಬೆರಳು ಒಂದು ನಿಮಿಷದಲ್ಲಿ ಕಲಿಸಿತು.

ಇನ್ನು ಬಣ್ಣ. ಇದೇ ನನಗೆ ಬಹಳ ಇಷ್ಟದ ಭಾಗ. ಮರಳಿನಲ್ಲಿ ಸ್ವಲ್ಪ ಕಬ್ಬಿಣ ಇದ್ದೇ ಇರುತ್ತದೆ, ಅದಕ್ಕೇ ಸಾದಾ ಗಾಜಿನ ಅಂಚು ಹಸಿರಾಗಿ ಕಾಣುತ್ತದೆ. ಕೋಬಾಲ್ಟ್ ಹಾಕಿದರೆ ಕಡುನೀಲಿ. ತಾಮ್ರಕ್ಕೆ ಎರಡು ಮುಖ: ಒಲೆಯ ಹದ ಒಂದು ಥರ ಇದ್ದರೆ ನವಿಲುನೀಲಿ, ಇನ್ನೊಂದು ಥರ ಇದ್ದರೆ ಕೆಂಪು. ಮ್ಯಾಂಗನೀಸ್ ನೇರಳೆ ಕೊಡುತ್ತದೆ. ಆದರೆ ಅದನ್ನು ಹದವಾಗಿ ಹಾಕಿದರೆ ಕಬ್ಬಿಣದ ಹಸಿರನ್ನೇ ಮರೆಸಿ ಗಾಜಿಗೆ ಬಣ್ಣವೇ ಇಲ್ಲದಂತೆ ಮಾಡುತ್ತದೆ. ಹೀಗೆ ಬಣ್ಣ ಕಳೆದ ಹಳೇ ಗಾಜು ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದರೆ ಮತ್ತೆ ತಿಳಿನೇರಳೆಗೆ ತಿರುಗುತ್ತದೆ. ಮೂಳೆಯ ಬೂದಿ ಹಾಕಿ ಹಾಲಿನಂಥ ಗಾಜು ಮಾಡುತ್ತಿದ್ದರು.

ದಾಳಿಂಬೆಯ ಕಾಳಿನಂಥ ಕೆಂಪು ಬೇಕೆಂದರೆ ಬಂಗಾರ! ನಿಜವಾದ ಬಂಗಾರವನ್ನು ಆಮ್ಲದಲ್ಲಿ ಕರಗಿಸಿ ಪಾಕಕ್ಕೆ ಒಂದು ಚೂರು ಸೇರಿಸುತ್ತಾರೆ. ಮೊದಲು ಬಣ್ಣ ಸರಿಯಾಗಿ ಕಾಣುವುದೇ ಇಲ್ಲ. ಗಾಜು ಆರಿದ ಮೇಲೆ ಮತ್ತೆ ಹದವಾಗಿ ಕಾಯಿಸಿದಾಗ ಬಂಗಾರದ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಪಾಗಿ ಕೂಡುತ್ತವೆ, ಆಗ ಕೆಂಪು ಏಳುತ್ತದೆ. ಕಾವು ಜಾಸ್ತಿಯಾದರೆ ಬಣ್ಣ ಕಂದಾಗಿ ಕೆಡುತ್ತದೆ. ಬೊಹಿಮಿಯಾದವರು ಬಣ್ಣವಿಲ್ಲದ ಗಾಜಿನ ಮೇಲೆ ಇಂಥ ಕೆಂಪು ಗಾಜಿನ ತೆಳು ಪದರ ಹೊದಿಸಿ, ಮೇಲಿನಿಂದ ಕೊರೆದು, ಒಳಗಿನ ಬಣ್ಣವಿಲ್ಲದ ಗಾಜು ಕಾಣುವಂತೆ ನಕ್ಷೆ ಮಾಡುತ್ತಿದ್ದರು.

ಮೀನಿನ ಮೈಮೇಲೆ ಓಡಾಡುವ ಬಣ್ಣಗಳು ಈ ಲೆಕ್ಕಕ್ಕೆ ಸೇರಿದವಲ್ಲ. ಗುಳೇದಗುಡ್ಡದ ಖಣ ನೋಡಿದ್ದೀರಲ್ಲ? ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನ ಎಳೆ ಇನ್ನೊಂದು. ವಾಲಿಸಿದರೆ ಬಣ್ಣ ಬದಲಾಗುತ್ತದೆ. ಗಾಜಿನಲ್ಲಿ ಎರಡು ಎಳೆ ಇಲ್ಲ. ಗಾಜು ಇನ್ನೂ ಬಿಸಿ ಇರುವಾಗಲೇ ತವರ ಅಥವಾ ಕಬ್ಬಿಣದ ಲವಣ ಸಿಂಪಡಿಸುತ್ತಾರೆ. ಮೇಲೆ ಬಹಳ ತೆಳುವಾದ ಒಂದು ಪೊರೆ ಕೂರುತ್ತದೆ. ಬೆಳಕು ಪೊರೆಯ ಮೇಲಿಂದಲೂ ಅಡಿಯಿಂದಲೂ ಹಿಂತಿರುಗಿ, ಒಂದಕ್ಕೊಂದು ಬೆರೆತು ಬಣ್ಣವಾಗುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಎಣ್ಣೆ ಬಿದ್ದಾಗ ಆಗುವುದೂ ಇದೇ, ಪಾರಿವಾಳದ ಕೊರಳಿನಲ್ಲಿ ಕಾಣುವುದೂ ಇಂಥದ್ದೇ.

ಅಮೆರಿಕದ ಟಿಫಾನಿ 1890ರ ದಶಕದಲ್ಲಿ ಇಂಥ ಹೊಳಪಿನ ಗಾಜನ್ನು ಶ್ರೀಮಂತರಿಗೆಂದು ಮಾಡುತ್ತಿದ್ದ. 1907ರ ಸುಮಾರಿಗೆ ಫೆಂಟನ್ ಕಂಪನಿ ಅದೇ ಹೊಳಪನ್ನು ಅಗ್ಗದ ಒತ್ತಿದ ಗಾಜಿಗೆ ತಂದಿತು. ಆಮೇಲೆ ಅದು ಜಾತ್ರೆಗಳಲ್ಲಿ ಆಟ ಗೆದ್ದವರಿಗೆ ಬಹುಮಾನವಾಗಿ ಸಿಗುತ್ತಿತ್ತಂತೆ, ಅದಕ್ಕೇ ಕಾರ್ನಿವಲ್ ಗಾಜು ಎಂಬ ಹೆಸರು. ನಮ್ಮ ಮಾತಿನಲ್ಲಿ ಜಾತ್ರೆ ಗಾಜು. ಅಲ್ಲಿಂದ ಆ ವಿದ್ಯೆ ಫಿರೋಜಾಬಾದಿಗೆ ಬಂದು, ಮೀನಿನ ಹೂದಾನಿ, ಆನೆಯ ಹೂದಾನಿ, ಕೈಯ ಆಕಾರದ ಹೂದಾನಿ ಆಯಿತು. ನಮ್ಮ ಅತ್ತಿಯ ಪಡಸಾಲೆಗೂ ಬಂತು.

ಸ್ವದೇಶಿ ಗಾಜಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಪುಣೆಯ ಹತ್ತಿರದ ತಳೇಗಾವದಲ್ಲಿ 1908ರಲ್ಲಿ ಜನರಿಂದ ಪೈಸೆ ಪೈಸೆ ಕೂಡಿಸಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಕಟ್ಟಿದರು, ಲೋಕಮಾನ್ಯ ತಿಲಕರ ಬೆಂಬಲ ಅದಕ್ಕಿತ್ತು. ಅದೇ ತಿಲಕರು ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಶುರು ಮಾಡಿದ 1916ರಲ್ಲೇ ಕರಾಡದ ಬಳಿ ಓಗಲೆ ಗ್ಲಾಸ್ ವರ್ಕ್ಸ್ ಹುಟ್ಟಿತು. ಅವರ ಪ್ರಭಾಕರ ಕಂದೀಲು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಅಂಥ ಕಂದೀಲನ್ನು ತಗಡಿನ ತೂಕಕ್ಕೆ ಗುಜರಿಗೆ ಹಾಕುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಳೇ ಗಾಜು ಅಂದರೆ ವಿಲಾಯಿತಿಯದ್ದೇ ಆಗಬೇಕು ಎಂಬ ನಂಬಿಕೆಯಿಂದ ನಮ್ಮ ಸ್ವಂತದ್ದು ಎಷ್ಟೋ ಹೋಯಿತು.

ಹೊಸದಾಗಿ ಸಂಗ್ರಹ ಶುರು ಮಾಡುವವರು ಒಂದು ನೇರಳಾತೀತ ಟಾರ್ಚ್ ಇಟ್ಟುಕೊಳ್ಳಿ. ಕಳ್ಳನೋಟು ಪತ್ತೆಗೆ ಅಂಗಡಿಗಳಲ್ಲಿ ಬಳಸುವ ನೀಲಿ ಬೆಳಕಿನದ್ದೇ ಸಾಕು. ಕತ್ತಲಲ್ಲಿ ಹಳದಿ ಅಥವಾ ತಿಳಿಹಸಿರು ಗಾಜಿನ ಮೇಲೆ ಬಿಡಿ. ಎಳೇ ಬಾಳೆಎಲೆಗೆ ದೀಪ ಹಚ್ಚಿದ ಹಾಗೆ ಉಜ್ವಲವಾದ ಹಸಿರು ಎದ್ದರೆ ಅದರಲ್ಲಿ ಯುರೇನಿಯಂ ಇದೆ. ಹೌದು, ಅಣುಬಾಂಬಿನ ಯುರೇನಿಯಮ್ಮೇ. 1830ರ ದಶಕದಲ್ಲಿ ಬೊಹಿಮಿಯಾದ ಯೋಸೆಫ್ ರೀಡೆಲ್ ಅದನ್ನು ಗಾಜಿಗೆ ಬಣ್ಣವಾಗಿ ಬಳಸಿ ಹೆಸರು ಮಾಡಿದ. ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರಗಳು ಯುರೇನಿಯಂ ಹಿಡಿದಿಟ್ಟುಕೊಂಡವು, ಗಾಜಿನವರಿಗೆ ಸಿಗುವುದು ನಿಂತಿತು. ಸಾಮಾನ್ಯವಾಗಿ ಇದರ ಪ್ರಮಾಣ ಶೇ. 2ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಕಪಾಟಿನಲ್ಲಿ ಇಟ್ಟು ನೋಡಲು ಭಯ ಬೇಡ. ಅದರಲ್ಲಿ ಉಣ್ಣುವುದು, ಕುಡಿಯುವುದು ಮಾತ್ರ ಬೇಡ. ಮಸುಕಾದ ಹಸಿರು ಎದ್ದರೆ ಅದು ಮ್ಯಾಂಗನೀಸ್ ಇರಬಹುದು, ಬೇಗ ಖುಷಿಪಡಬೇಡಿ. ಇದೇ ಟಾರ್ಚಿಗೆ ಇನ್ನೊಂದು ಉಪಯೋಗವಿದೆ. ಒಡೆದು ಅಂಟಿಸಿದ ಕಡೆ ಅಂಟು ಬೇರೆ ಥರ ಹೊಳೆದು ಸಿಕ್ಕಿಬೀಳುತ್ತದೆ.

ಆ ಟಾರ್ಚು ನನ್ನಲ್ಲಿ ಇಲ್ಲದ ಕಾಲದಲ್ಲಿ ಬೆಳಗಾವಿಯ ಒಂದು ಅಂಗಡಿಯಲ್ಲಿ ಒಂದು ಜೋಡಿ ಹಂಡಿ ಕೊಂಡೆ. ಮೂರು ಸರಪಳಿಯಲ್ಲಿ ತೂಗುವ, ಒಳಗೆ ಮೇಣದಬತ್ತಿ ಇಡುವ ಗಾಜಿನ ಗಡಿಗೆ ಅದು. "ವಾಡೆದ್ದು ಐತ್ರಿ ಸರ, ಒರಿಜಿನಲ್ ಬೆಲ್ಜಿಯಂ" ಅಂದರು. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು, ಗಾಜಿಗೆ ಧೂಳು ಮೆತ್ತಿತ್ತು. ನಂಬಿದೆ. ಮನೆಗೆ ತಂದು ತೊಳೆದರೆ ಕಿಲುಬೇ ನೀರಿಗೆ ಬಣ್ಣ ಬಿಟ್ಟಿತು. ಎರಡೂ ಹಂಡಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಥರ. ಹಿತ್ತಾಳೆ ಬಳೆ ಗಾಜಿಗೆ ತಾಗುವ ಕತ್ತಿನ ಸುತ್ತ ಒಂದು ಗೀರೂ ಇಲ್ಲ. ನೂರು ವರ್ಷ ತೂಗಿದ ಗಾಜಿನಲ್ಲಿ ಅದು ಸಾಧ್ಯವೇ ಇಲ್ಲ. ದುಡ್ಡು ಹೋಯಿತು, ನೋವೂ ಆಯಿತು.

ಅಂದಿನಿಂದ ನಾನು ಮೊದಲು ನೋಡುವುದು ಸವೆತ. ಹೂದಾನಿ, ಬಟ್ಟಲು ಯಾವುದೇ ಇರಲಿ, ಬುಡದಲ್ಲಿ ನೆಲಕ್ಕೆ ತಾಗುವ ಉಂಗುರವನ್ನು ಭೂತಗನ್ನಡಿಯಲ್ಲಿ ನೋಡಿ. ನಿಜವಾಗಿ ಬಳಕೆಯಾದ ಗಾಜಿನಲ್ಲಿ ಗೀರುಗಳು ದಿಕ್ಕುದಿಕ್ಕಿಗೆ ಇರುತ್ತವೆ. ಕೆಲವು ಆಳ, ಕೆಲವು ಮೇಲುಮೇಲೆ, ತಾಗದ ಕಡೆ ಇಲ್ಲವೇ ಇಲ್ಲ. ಮರಳುಕಾಗದದಲ್ಲಿ ಉಜ್ಜಿ ಹಳೆಯದು ಮಾಡಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ, ಬಾಚಿದ ಹಾಗೆ. ಬಾಯಿಯ ಅಂಚನ್ನೂ ನೋಡಿ. ಚಕ್ಕೆ ಎದ್ದ ಅಂಚನ್ನು ಉಜ್ಜಿ ಸಮ ಮಾಡಿ ಮಾರುವವರಿದ್ದಾರೆ. ಆಗ ಹೂದಾನಿಯ ಎತ್ತರ ಯಾಕೋ ಮೊಟಕು ಅನಿಸುತ್ತದೆ.

ಸಹಿಯನ್ನು ಕೊನೆಗೆ ನೋಡಿ. ಫ್ರಾನ್ಸಿನ ನಾನ್ಸಿ ಊರಿನ ಎಮಿಲ್ ಗಾಲೆ ಪದರ ಪದರದ ಗಾಜನ್ನು ಆಮ್ಲದಿಂದ ತಿನ್ನಿಸಿ ಹೂಬಳ್ಳಿ ಮೂಡಿಸಿದವನು. 1904ರಲ್ಲಿ ತೀರಿಕೊಂಡ. ಆಮೇಲೆ ಕೆಲ ಕಾಲ ಕಾರ್ಖಾನೆಯವರು ಸಹಿಯ ಪಕ್ಕ ಒಂದು ನಕ್ಷತ್ರ ಹಾಕುತ್ತಿದ್ದರು. ಈಗ ರೊಮೇನಿಯಾದಲ್ಲಿ ಆ ಶೈಲಿಯಲ್ಲಿ ಮಾಡಿದ ಗಾಜು ಸಿಗುತ್ತದೆ, ಅದರ ಮೇಲೆ ಗಾಲೆ ಹೆಸರಿನ ಜೊತೆ 'ಟಿಪ್' ಎಂದಿರುತ್ತದೆ. ಅವರ ಭಾಷೆಯಲ್ಲಿ 'ಆ ಮಾದರಿಯದು' ಎಂದು. ಮೋಸಗಾರರು ಆ ಮೂರು ಅಕ್ಷರ ಮಾತ್ರ ಉಜ್ಜಿ ತೆಗೆಯುತ್ತಾರೆ. ಫ್ರಾನ್ಸಿನ ಇನ್ನೊಬ್ಬ ಗಾಜಿನ ಕಲಾವಿದ ರೆನೆ ಲಾಲಿಕ್ ವಿಷಯ ಸ್ವಲ್ಪ ಸುಲಭ. ಅವನು 1945ರಲ್ಲಿ ಸಾಯುವ ತನಕದ ಗಾಜಿನ ಮೇಲೆ ಹೆಸರಿನ ಮೊದಲು 'ಆರ್' ಅಕ್ಷರ ಇರುತ್ತದೆ, ಆಮೇಲಿನದ್ದರಲ್ಲಿ ಇಲ್ಲ. ಆ ಒಂದು ಅಕ್ಷರಕ್ಕೆ ಬೆಲೆ ಎಷ್ಟೋ ಪಟ್ಟು ಏರುವುದರಿಂದ ಆ ಅಕ್ಷರವನ್ನೂ ಕೆತ್ತುವವರಿದ್ದಾರೆ.

ಕಣ್ಣು ಪಳಗಲು ಒಮ್ಮೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ ಬನ್ನಿ. ವೆನಿಸ್, ಬೊಹಿಮಿಯಾ, ಇಂಗ್ಲೆಂಡ್, ಫ್ರಾನ್ಸ್, ಎಲ್ಲ ಕಡೆಯ ಗಾಜು ಅಲ್ಲಿದೆ. ಕೈ ಪಳಗಲು ಮಾತ್ರ ಗುಜರಿ ಅಂಗಡಿಯೇ ಬೇಕು. ಕೊಳ್ಳದಿದ್ದರೂ ಕೇಳಿ, ಎತ್ತಿ, ತಿರುಗಿಸಿ.

ಜೋಪಾನದ ಮಾತು. ಬಾಗಲಕೋಟೆ, ವಿಜಯಪುರದ ಕಡೆ ಬೋರ್‌ವೆಲ್ಲಿನ ಗಡಸು ನೀರು. ಹೂದಾನಿಯಲ್ಲಿ ನೀರು ಬಿಟ್ಟರೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಅದು ಸುಣ್ಣ, ವಿನೆಗರ್ ಹಾಕಿ ಬಿಟ್ಟರೆ ಕರಗುತ್ತದೆ. ಎಷ್ಟು ತೊಳೆದರೂ ಹೋಗದ ಮಂಜು ಇದ್ದರೆ ಗಾಜಿನ ಮೈಯೇ ಕೆಟ್ಟಿದೆ ಎಂದು ತಿಳಿಯಿರಿ. ಕೆಲವರು ಒಳಗೆ ಎಣ್ಣೆ ಸವರಿ ಅದನ್ನು ಮರೆಸಿ ಮಾರುತ್ತಾರೆ. ಒಳಗೆ ಬೆರಳು ಹಾಕಿ ಮೂಸಿ ನೋಡುವುದರಲ್ಲಿ ನಾಚಿಕೆ ಬೇಡ. ಬೆಳಗಾವಿಯ ಮಳೆಗಾಲದ ತೇವ ಬೇರೆ ಥರದ ತೊಂದರೆ. ಸುಣ್ಣ ಕಡಿಮೆಯಾಗಿ ಸೋಡಾ ಜಾಸ್ತಿಯಾದ ಹಳೇ ಗಾಜು ತೇವಕ್ಕೆ ಬೆವರುತ್ತದೆ, ಮೈತುಂಬ ಕೂದಲೆಳೆಯ ಬಿರುಕು ಬಿಡುತ್ತದೆ. ಕಾಗದ ಸುತ್ತಿ ಟ್ರಂಕಿನಲ್ಲಿ ಮುಚ್ಚಿಡಬೇಡಿ, ಗಾಳಿಯಾಡುವ ಕಪಾಟಿನಲ್ಲಿಡಿ. ತೊಳೆಯುವಾಗ ಬಳೆ, ಉಂಗುರ ತೆಗೆದಿಡಿ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು ಸಾಕು. ಬಿಸಿನೀರು ಸುರಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಫಟ್ ಎನ್ನುತ್ತದೆ. ಬಂಗಾರದ ಗೆರೆ ಅಥವಾ ಹೊಳಪಿನ ಪೊರೆ ಇರುವ ಗಾಜಿಗೆ ವಿನೆಗರ್, ಸ್ಕ್ರಬ್ಬರ್ ಎರಡೂ ಬೇಡ. ಸೀಸದ ಗಾಜಿನಲ್ಲಿ ಶರಬತ್ತು, ಮದ್ಯ ದಿನಗಟ್ಟಲೆ ಇಡಬಾರದು, ಸೀಸ ಅದರೊಳಗೆ ಇಳಿಯುತ್ತದೆ.

ಕಾಯ್ದೆಯೂ ಗೊತ್ತಿರಲಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳು ಪುರಾವಸ್ತು ಎನಿಸುತ್ತವೆ. ಅವನ್ನು ನಾವೇ ಹೊರದೇಶಕ್ಕೆ ಕಳಿಸುವಂತಿಲ್ಲ. ಪುರಾವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಅಂಗಡಿಯವರಿಂದ ಬಿಲ್ ಕೇಳಿ ತೆಗೆದುಕೊಳ್ಳಿ. ಮನೆಯ ಹಿರಿಯರು ಕೊಟ್ಟದ್ದಾದರೆ ಯಾರ ಮನೆಯದ್ದು, ಯಾವಾಗ ಬಂತು ಎಂದು ಚೀಟಿಯಲ್ಲಿ ಬರೆದಿಡಿ. ಮೀನಿನ ಜೊತೆ ನಾನು ಇಟ್ಟಿರುವ ಚೀಟಿಯಲ್ಲಿ ಅತ್ತಿಯ ಹೆಸರಿದೆ, ಓಣಿಯ ಹೆಸರಿದೆ. ಆ ಓಣಿ ಈಗ ನೀರಿನಲ್ಲಿದೆ.

ಮೊನ್ನೆ ಜಮಖಂಡಿಯಿಂದ ಕಾಕಾನ ಮಗ ಫೋನ್ ಮಾಡಿದ್ದ. ಅಟ್ಟ ಸ್ವಚ್ಛ ಮಾಡುವಾಗ ಹುಲ್ಲಿನಲ್ಲಿ ಸುತ್ತಿಟ್ಟ ನೀಲಿ ಹಂಡಿ ಸಿಕ್ಕಿದೆಯಂತೆ. "ಅಣ್ಣಾ, ಬೆಲ್ಜಿಯಂದ ಇರಬೇಕು, ತೊಳೆದು ಫೋಟೋ ಕಳಸ್ಲೇನು?" ಅಂದ. ತೊಳಿಬ್ಯಾಡ, ಹಂಗ ಇರಲಿ ಅಂದೆ. ಮೊದಲು ಕತ್ತಿನ ಹತ್ತಿರ ಗೀರು ಅದಾವೇನು ನೋಡು, ಆಮ್ಯಾಲ ಬುಡದ ಫೋಟೋ ಕಳಿಸು.